ಎರಡು ದ್ವೀಪ ಸಾಕು

ಗ್ರೀಸಿಗೆ ಮೊದಲ ಸಲ ಹೊರಟವರ ಕೈಯಲ್ಲಿ ಈಗ ಒಂದೇ ಪಟ್ಟಿ ಇರುತ್ತದೆ. ಅಥೆನ್ಸ್‌ನಲ್ಲಿ ಒಂದು ರಾತ್ರಿ, ಮಿಕೊನೋಸ್‌ನಲ್ಲಿ ಎರಡು, ನಡುವೆ ಪಾರೋಸ್‌ನಲ್ಲೊಂದು, ಸ್ಯಾಂಟೊರಿನಿಯಲ್ಲಿ ಎರಡು, ಸಾಧ್ಯವಾದರೆ ಕ್ರೀಟ್ ಕೂಡ. ಬೆಂಗಳೂರಿನ ಟ್ರಾವೆಲ್ ಏಜೆಂಟರನ್ನು ಕೇಳಿದರೂ ಇದೇ, ಮೊಬೈಲಿನಲ್ಲಿ ಹುಡುಕಿದರೂ ಇದೇ, ಕಳೆದ ವರ್ಷ ಹೋಗಿಬಂದ ನೆಂಟರನ್ನು ವಿಚಾರಿಸಿದರೂ ಇದೇ. ಐಲ್ಯಾಂಡ್ ಹಾಪಿಂಗ್ ಎಂದರೆ ಎಷ್ಟು ದ್ವೀಪ ಮುಟ್ಟಿದೆವೋ ಅಷ್ಟು ಸಾರ್ಥಕ ಎಂದು ಎಲ್ಲರೂ ತೀರ್ಮಾನಿಸಿದ ಹಾಗಿದೆ. ಈ ತೀರ್ಮಾನ ಬುಡದಿಂದಲೇ ತಪ್ಪು ಎಂಬುದು ನನ್ನ ವಾದ. ಮೊದಲ ಸಲ ಹೋಗುವವರು ಎರಡೇ ದ್ವೀಪ ಆರಿಸಿಕೊಳ್ಳಬೇಕು. ಆ ಎರಡೂ ಒಂದೇ ಹಡಗಿನ ದಾರಿಯಲ್ಲಿರಬೇಕು. ಜುಲೈ, ಆಗಸ್ಟ್ ತಿಂಗಳುಗಳನ್ನು ಬಿಟ್ಟು ಹೋಗಬೇಕು.

ಉದ್ದ ಪಟ್ಟಿಯ ಪರವಾಗಿ ಹೇಳುವ ಮಾತು ಗೊತ್ತಿರುವಂಥದ್ದೇ. ‘ಜನ್ಮಕ್ಕೊಂದು ಸಲ ಹೋಗೋದು. ಅಷ್ಟು ದುಡ್ಡು ಸುರಿದು, ವೀಸಾಕ್ಕೆ ಅಲೆದು, ರಜೆ ಹೊಂದಿಸಿಕೊಂಡು ಹೋದಮೇಲೆ ಎಲ್ಲಾ ನೋಡ್ಕೊಂಡೇ ಬರಬೇಕು.’ ಈ ಮಾತಿನ ಹಿಂದಿರುವ ಕಷ್ಟ ಸಣ್ಣದಲ್ಲ. ವರ್ಷಗಟ್ಟಲೆ ಕೂಡಿಟ್ಟ ಹಣ ಅದು. ಮತ್ತೆ ಹೋಗುವ ಭರವಸೆಯೂ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಎಂಟು ದಿನದ ಪ್ರವಾಸದಲ್ಲಿ ಹೋಗಿ ಇಳಿಯುವ ದಿನ, ಹೊರಡುವ ದಿನ ಕೈಗೆ ಸಿಗುವುದಿಲ್ಲ. ಉಳಿದದ್ದು ಆರು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ದಿನ ಹನ್ನೊಂದು ಗಂಟೆಯೊಳಗೆ ರೂಮು ಖಾಲಿ ಮಾಡಬೇಕು. ಹಡಗಿಗೆ ಮುಂಚಿತವಾಗಿ ಬಂದರು ಸೇರಬೇಕು. ಹಡಗು ತಡವಾದರೆ ಬಿಸಿಲಲ್ಲಿ ಕಾಯಬೇಕು. ಇಳಿದ ಮೇಲೆ ಹೊಸ ಊರಿನಲ್ಲಿ ಹೊಸ ರೂಮು ಹುಡುಕಬೇಕು, ಅಲ್ಲಿ ಮಧ್ಯಾಹ್ನ ಎರಡು ಮೂರು ಗಂಟೆಗೆ ಮೊದಲು ಕೀಲಿ ಕೊಡುವುದಿಲ್ಲ. ಸಮುದ್ರದ ಮೇಲೆ ಇದ್ದದ್ದು ಒಂದೇ ಗಂಟೆಯಾದರೂ ಹಗಲೆಲ್ಲ ಹೋಯಿತು. ಹೀಗೆ ನಾಲ್ಕು ಸಲ ಜಾಗ ಬದಲಿಸಿದರೆ ಆರರಲ್ಲಿ ನಾಲ್ಕು ದಿನ ಸಾಮಾನು ಹೊರುವುದರಲ್ಲೇ ಕಳೆಯುತ್ತದೆ. ಜನ್ಮಕ್ಕೊಂದು ಸಲ ಎಂಬುದು ನಿಜವಾದರೆ, ಆ ಒಂದು ಸಲವನ್ನು ಬಂದರಿನ ಕಟ್ಟೆಯ ಮೇಲೆ ಸೂಟ್‌ಕೇಸ್ ಕಾಯುತ್ತ ಕಳೆಯುವುದು ನ್ಯಾಯವೇ?

ಹಡಗು ಹತ್ತಿ ಇಳಿಯುವುದು ಹೇಗಿರುತ್ತದೆಂದು ಪಟ್ಟಿ ಬರೆಯುವವರು ಯಾರೂ ಹೇಳುವುದಿಲ್ಲ. ಪಾರೋಸ್ ಹತ್ತಿರವಾಯಿತೆಂದು ಸ್ಪೀಕರಿನಲ್ಲಿ ಕೂಗಿದ ಕೂಡಲೇ ಜನ ಕಿರಿದಾದ ಮೆಟ್ಟಿಲಲ್ಲಿ ಸಾಲುಗಟ್ಟಿ ಕೆಳಗಿನ ವಾಹನಗಳ ಅಂಕಣಕ್ಕೆ ಇಳಿಯುತ್ತಾರೆ. ಅಲ್ಲಿ ಲಾರಿ, ಕಾರು, ಸ್ಕೂಟರುಗಳ ನಡುವೆ ಡೀಸೆಲ್ ವಾಸನೆ ಕುಡಿಯುತ್ತ ನಿಲ್ಲಬೇಕು. ಗೋಡೆಯ ಪಕ್ಕದ ಕಬ್ಬಿಣದ ಕಪಾಟುಗಳಲ್ಲಿ ದ್ವೀಪದ ಹೆಸರು ಬರೆದಿರುತ್ತದೆ. ನಿಮ್ಮ ಪೆಟ್ಟಿಗೆಯ ಮೇಲೆ ಅಷ್ಟರಲ್ಲಿ ಇನ್ನು ಹತ್ತು ಪೆಟ್ಟಿಗೆ ಬಿದ್ದಿರುತ್ತವೆ. ಹಡಗು ಇನ್ನೂ ಹಿಂದಕ್ಕೆ ಸರಿಯುತ್ತಿರುವಾಗಲೇ ಹಿಂಬದಿಯ ದೊಡ್ಡ ಬಾಗಿಲು ಸರಪಳಿಯ ಸದ್ದಿನೊಂದಿಗೆ ಕೆಳಗಿಳಿಯುತ್ತದೆ, ಬೆಳಕು ಕಣ್ಣಿಗೆ ಹೊಡೆಯುತ್ತದೆ. ಬಂದರು ಪೊಲೀಸರು ಸೀಟಿ ಊದುತ್ತಾರೆ. ಇಳಿಯುವವರು ಇಳಿದು ಮುಗಿಯುವ ಮೊದಲೇ ಹತ್ತುವವರು ನುಗ್ಗುತ್ತಾರೆ. ಕೆಲವೇ ನಿಮಿಷದಲ್ಲಿ ಬಾಗಿಲು ಮೇಲೇರಿ ಹಡಗು ಹೊರಟೇಬಿಡುತ್ತದೆ. ಇದನ್ನು ಒಂದು ಸಲ ನೋಡುವುದು ಚಂದ, ನನಗಂತೂ ಬಲು ಇಷ್ಟ. ಆದರೆ ವಯಸ್ಸಾದ ತಂದೆತಾಯಿಯನ್ನೋ ಕೈಕೂಸನ್ನೋ ಕರೆದುಕೊಂಡು ಒಂದೇ ವಾರದಲ್ಲಿ ನಾಲ್ಕು ಸಲ ಮಾಡಬೇಕಾದ ಕೆಲಸ ಇದಲ್ಲ.

ಇನ್ನು ಗಾಳಿ. ಏಜಿಯನ್ ಸಮುದ್ರದಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಉತ್ತರದಿಂದ ಮೆಲ್ತೇಮಿ ಎಂಬ ಗಾಳಿ ಬೀಸುತ್ತದೆ. ಆಕಾಶ ಶುಭ್ರ ನೀಲಿ, ಒಂದು ಮೋಡವಿಲ್ಲ, ಬಿಸಿಲು ಹೊಳೆಯುತ್ತಿರುತ್ತದೆ. ಸಮುದ್ರ ಮಾತ್ರ ಬೆಳ್ಳನೆ ನೊರೆ ಕಾರುತ್ತಿರುತ್ತದೆ. ಗಾಳಿ ಬ್ಯೂಫೋರ್ಟ್ ಮಾನದಲ್ಲಿ 8 ಮುಟ್ಟಿತೆಂದರೆ ಹಡಗು ಹೊರಡಬಾರದೆಂದು ಬಂದರು ಅಧಿಕಾರಿಗಳ ಆಜ್ಞೆಯಾಗುತ್ತದೆ. ವೇಗದ ಕ್ಯಾಟಮರಾನ್‌ಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ಈ ಎಚ್ಚರ ಅತಿಯಾಯಿತೆಂದು ಗೊಣಗುವವರು 2000ದ ಸೆಪ್ಟೆಂಬರ್ 26ರ ರಾತ್ರಿಯನ್ನು ನೆನೆಯಬೇಕು. ಅಂದು ಪಾರೋಸ್ ಬಂದರಿನ ಹೊರಗೆ, ಪೋರ್ಟೆಸ್ ಎಂಬ ಬಂಡೆಗಳಿಗೆ ಬಡಿದು ‘ಎಕ್ಸ್‌ಪ್ರೆಸ್ ಸಮೀನಾ’ ಹಡಗು ಮುಳುಗಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಬಂಡೆಗೆ ಬಡಿಸಿದ್ದು ಸಿಬ್ಬಂದಿಯ ಅಜಾಗರೂಕತೆ. ಕತ್ತಲಲ್ಲಿ ನೀರಿಗೆ ಬಿದ್ದವರನ್ನು ಎತ್ತಿಕೊಳ್ಳುವ ಕೆಲಸವನ್ನು ಇನ್ನೂ ಕಷ್ಟ ಮಾಡಿದ್ದು ಆ ರಾತ್ರಿಯ ಬಿರುಗಾಳಿ. ಹಡಗು ರದ್ದಾದರೆ ಟಿಕೆಟ್ಟಿನ ದುಡ್ಡು ವಾಪಸ್ ಬರುತ್ತದೆ. ಆದರೆ ನಾಲ್ಕು ದ್ವೀಪದ ಪಟ್ಟಿಯಲ್ಲಿ ಒಂದು ಕೊಂಡಿ ಕಳಚಿದರೆ ಮುಂದಿನ ಎರಡು ಹೋಟೆಲಿನ ಹಣ ಹೋಯಿತು, ಕೊನೆಗೆ ಅಥೆನ್ಸ್‌ನ ವಿಮಾನವೂ ಹೋಯಿತು. ದ್ವೀಪದಿಂದ ಬೆಳಿಗ್ಗೆ ಹೊರಟು ಅದೇ ಸಂಜೆ ವಿಮಾನ ಹತ್ತುವ ಯೋಜನೆಯನ್ನು ಕಣ್ಣುಮುಚ್ಚಿ ಬರೆದುಕೊಡುವ ಏಜೆಂಟರು ನಮ್ಮಲ್ಲಿ ಇದ್ದಾರೆ. ಅದನ್ನು ಒಪ್ಪಲೇಬಾರದು. ಕೊನೆಯ ರಾತ್ರಿ ಅಥೆನ್ಸ್‌ನಲ್ಲೇ ಕಳೆಯಬೇಕು.

ಭೂಪಟ ತೆರೆದು ನೋಡದೆ ಯೋಜನೆ ಮಾಡುವುದು ಇನ್ನೊಂದು ರೋಗ. ಫೋಟೊ ನೋಡಿ ಸ್ಯಾಂಟೊರಿನಿ ಬೇಕು ಅನ್ನುತ್ತಾರೆ, ಇನ್ನೊಂದು ಫೋಟೊ ನೋಡಿ ಕೊರ್ಫು ಬೇಕು ಅನ್ನುತ್ತಾರೆ. ಕೊರ್ಫು ಇರುವುದು ದೇಶದ ಇನ್ನೊಂದು ಮಗ್ಗುಲಲ್ಲಿ, ಅಯೋನಿಯನ್ ಸಮುದ್ರದಲ್ಲಿ. ಅಲ್ಲಿಂದ ಸ್ಯಾಂಟೊರಿನಿ ಇರುವ ಸೈಕ್ಲಡೀಸ್ ದ್ವೀಪಸಮೂಹಕ್ಕೆ ಹಡಗೇ ಇಲ್ಲ. ಸೈಕ್ಲಡೀಸ್ ಒಳಗೂ ಹಡಗುಗಳು ಎಳೆ ಎಳೆಯಾಗಿ ಓಡುತ್ತವೆ. ಅಥೆನ್ಸ್‌ನ ಬಂದರು ಪಿರೇಯಸ್‌ನಿಂದ ಪಾರೋಸ್, ನಾಕ್ಸೋಸ್, ಸ್ಯಾಂಟೊರಿನಿ ಒಂದು ಎಳೆ. ಸೀರೋಸ್, ತೀನೋಸ್, ಮಿಕೊನೋಸ್ ಇನ್ನೊಂದು. ಸಿಫ್ನೋಸ್, ಮೀಲೋಸ್ ಮತ್ತೊಂದು. ಒಂದೇ ಎಳೆಯ ಮೇಲಿನ ದ್ವೀಪಗಳ ನಡುವೆ ಓಡಾಟ ಸುಲಭ. ಎಳೆಯಿಂದ ಎಳೆಗೆ ಹಾರುವುದು ಬೇಸಿಗೆಯ ನಟ್ಟನಡುವೆ ಬಿಟ್ಟರೆ ಕಷ್ಟ. ಮೊದಲು ಎಳೆ ಆರಿಸಬೇಕು, ಆಮೇಲೆ ದ್ವೀಪ.

ಹಡಗಿನ ಆಯ್ಕೆಯಲ್ಲೂ ಜನ ಎಡವುತ್ತಾರೆ. ವೇಗದ ಹಡಗು ಸಮಯ ಉಳಿಸುತ್ತದೆ ಎನ್ನುತ್ತಾರೆ. ಅದರ ದರ ಸಾಮಾನ್ಯ ಹಡಗಿಗಿಂತ ತುಂಬ ಹೆಚ್ಚು, ಅಲೆಯಲ್ಲಿ ಅದು ಹೊಟ್ಟೆ ತೊಳಸುವಂತೆ ಕುಣಿಯುತ್ತದೆ, ಹೆಚ್ಚಿನವುಗಳಲ್ಲಿ ಹೊರಗಿನ ಡೆಕ್ಕಿಗೆ ಬಿಡುವುದೂ ಇಲ್ಲ. ಗಾಜಿನ ಹಿಂದೆ ಸೀಟಿಗೆ ಅಂಟಿ ಕೂರಬೇಕು. ದೊಡ್ಡ ನಿಧಾನದ ಹಡಗು ಬೆಳಿಗ್ಗೆ ಏಳೂವರೆ ಸುಮಾರಿಗೆ ಪಿರೇಯಸ್ ಬಿಟ್ಟರೆ ಪಾರೋಸ್‌ಗೆ ನಾಲ್ಕು ಗಂಟೆ ಚಿಲ್ಲರೆ, ನಾಕ್ಸೋಸ್‌ಗೆ ಐದು ಗಂಟೆ ಚಿಲ್ಲರೆ. ಆ ಐದು ಗಂಟೆಯೂ ಪ್ರವಾಸವೇ. ಬಂದರು ಬಿಡುವಾಗ ಪಶ್ಚಿಮಕ್ಕೆ ಸಲಾಮಿಸ್ ದ್ವೀಪ ಕಾಣುತ್ತದೆ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರ ನೌಕಾಪಡೆ ಸೋತದ್ದು ಅಲ್ಲಿ. ಈಸ್ಕಿಲಸ್ ಆ ಸೋಲನ್ನು ನಾಟಕ ಮಾಡಿದ, ಬಿ.ಎಂ.ಶ್ರೀಯವರು ಅದನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ಆ ನಾಟಕ ಓದಿದ ಕನ್ನಡಿಗರೊಬ್ಬರು ಡೆಕ್ಕಿನ ಕಂಬಿ ಹಿಡಿದು ಆ ನೀರನ್ನು ನೋಡಲು ಸಾಧ್ಯವಿರುವಾಗ ವೇಗದ ಹಡಗಿಗಾಗಿ ಅದನ್ನು ಯಾಕೆ ಬಿಟ್ಟುಕೊಡಬೇಕೋ ನನಗೆ ತಿಳಿಯದು.

ಈಗ ಸ್ಯಾಂಟೊರಿನಿಯ ಮಾತು. ಅದನ್ನು ಬಿಟ್ಟು ಬಂದರೆ ಗ್ರೀಸಿಗೆ ಹೋದದ್ದೇ ದಂಡ ಎಂಬಷ್ಟು ಅದರ ಹುಚ್ಚು ಹಿಡಿದಿದೆ. ಸುಮಾರು 76 ಚದರ ಕಿಲೋಮೀಟರಿನ, ಹದಿನೈದು ಸಾವಿರದಷ್ಟು ಜನರಿರುವ ದ್ವೀಪ ಅದು. 2024ರ ಜುಲೈಯಲ್ಲಿ ಒಂದೇ ದಿನ ಸುಮಾರು 17,000 ಕ್ರೂಸ್ ಪ್ರಯಾಣಿಕರು ಬರಲಿದ್ದಾರೆಂದು ಸ್ಥಳೀಯ ಆಡಳಿತದ ಕಡೆಯಿಂದ ನಿವಾಸಿಗಳಿಗೆ ‘ಓಡಾಟ ಕಡಿಮೆ ಮಾಡಿ’ ಎಂಬ ಸೂಚನೆ ಹೊರಟಿತು. ಜನ ಸಿಟ್ಟಾದರು, ಸೂಚನೆ ಹಿಂದಕ್ಕೆ ಹೋಯಿತು. ತಮ್ಮ ಊರಿನಲ್ಲಿ ತಾವೇ ಮನೆಯೊಳಗೆ ಕೂರಬೇಕಾದ ಸ್ಥಿತಿ ಯಾರಿಗೆ ತಾನೆ ಹಿತ? 2025ರಿಂದ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರ ಮಿತಿ ಬಂದಿದೆ. ಬೇಸಿಗೆಯಲ್ಲಿ ಸ್ಯಾಂಟೊರಿನಿ, ಮಿಕೊನೋಸ್‌ಗಳಲ್ಲಿ ಇಳಿಯುವ ಪ್ರತಿ ಕ್ರೂಸ್ ಪ್ರಯಾಣಿಕರಿಂದ 20 ಯೂರೊ ಶುಲ್ಕ ವಸೂಲಾಗುತ್ತದೆ. ಅದೇ ವರ್ಷದ ಫೆಬ್ರುವರಿಯಲ್ಲಿ ಎಡೆಬಿಡದೆ ಭೂಮಿ ನಡುಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಹಡಗು, ವಿಮಾನ ಹತ್ತಿ ದ್ವೀಪ ಬಿಟ್ಟರು. ಹಿರಿಯರಿಗೆ 1956ರ ಜುಲೈ 9ರ ಭೂಕಂಪದ ನೆನಪಿತ್ತು; ಅಂದು ಐವತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಬಂಡೆಯ ಅಂಚಿನ ಆ ಬಿಳಿ ಮನೆಗಳಲ್ಲಿ ಹೀಗೆ ಬದುಕುವ ಜನರಿದ್ದಾರೆ ಎಂಬುದು ಅಲ್ಲಿನ ಒಯಾ ಹಳ್ಳಿಯ ಸೂರ್ಯಾಸ್ತಕ್ಕೆ ಮೊಬೈಲ್ ಎತ್ತಿ ನಿಂತ ಗುಂಪಿನಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಆ ದ್ವೀಪಕ್ಕೆ ಹೋಗಲೇಬಾರದು ಅನ್ನುವುದು ನನ್ನ ವಾದವಲ್ಲ. ಒಂದೂವರೆ ದಿನದಲ್ಲಿ ಮುಗಿಸುವವರಿಗೆ ಅದರ ನಿಜವಾದ ಸಂಪತ್ತು ಕಾಣುವುದಿಲ್ಲ ಎಂಬುದೇ ನನ್ನ ಸಂಕಟ. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಅಕ್ರೋತಿರಿ ಪಟ್ಟಣವನ್ನು 1967ರಲ್ಲಿ ಸ್ಪಿರಿಡಾನ್ ಮಾರಿನಾಟೋಸ್ ಅಗೆಯಲು ತೊಡಗಿದರು. ಎರಡು ಮೂರು ಅಂತಸ್ತಿನ ಮನೆಗಳು, ಕಲ್ಲು ಹಾಸಿದ ಬೀದಿ, ಬೀದಿಯ ಕೆಳಗೆ ಚರಂಡಿ, ಧಾನ್ಯದ ದೊಡ್ಡ ದೊಡ್ಡ ಗುಡಾಣಗಳು ಇದ್ದಲ್ಲೇ ಇವೆ. ಅಲ್ಲಿ ಸಿಕ್ಕ ಒಂದು ಗೋಡೆಚಿತ್ರದಲ್ಲಿ ನೀಲಿ ಬಣ್ಣದ ಕೋತಿಗಳು ಬಾಲ ಎತ್ತಿ ಬಂಡೆ ಹತ್ತುತ್ತಿವೆ. ಫಿರಾ ಊರಿನ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು. ಬಾಲ ಹಿಡಿದಿರುವ ರೀತಿ, ಕೈಕಾಲಿನ ಅಳತೆ ನೋಡಿ ಅವು ನಮ್ಮ ಮುಸುವಗಳೇ ಇರಬೇಕೆಂದು ಕೆಲವು ವರ್ಷಗಳ ಹಿಂದೆ ಸಂಶೋಧಕರು ವಾದಿಸಿದ್ದಾರೆ. ಗ್ರೀಸಿನಲ್ಲಿ ಕೋತಿಗಳಿಲ್ಲ. ನಮ್ಮ ದೇವಸ್ಥಾನದ ಗೋಪುರದ ಮೇಲೆ ಕೂತು ತೆಂಗಿನಕಾಯಿ ಕಸಿದುಕೊಳ್ಳುವ ಕಪ್ಪು ಮುಖದ ಪ್ರಾಣಿ ಸಿಂಧೂ ಕಡೆಯ ವ್ಯಾಪಾರದ ದಾರಿಗಳಲ್ಲಿ ಯಾರದೋ ಕಣ್ಣಿಗೆ ಬಿದ್ದು, ಏಜಿಯನ್ ಸಮುದ್ರದ ಒಂದು ಗೋಡೆಯ ಮೇಲೆ ಬಂದಿರಬಹುದು! ಅದರ ಮುಂದೆ ಅರ್ಧ ಗಂಟೆ ನಿಲ್ಲಲು ಪುರುಸೊತ್ತಿಲ್ಲದ ಪ್ರವಾಸಕ್ಕೆ ಲಕ್ಷಗಟ್ಟಲೆ ಖರ್ಚು ಮಾಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಸ್ಯಾಂಟೊರಿನಿಗಿಂತ ಐದು ಪಟ್ಟು ದೊಡ್ಡದಾದ ನಾಕ್ಸೋಸ್ ಪಟ್ಟಿಗಳಲ್ಲಿ ಬರುವುದೇ ‘ದಾರಿಯಲ್ಲಿ ಒಂದು ರಾತ್ರಿ’ ಎಂದು. ಒಂದು ರಾತ್ರಿ ಉಳಿದವರು ಬಂದರಿನ ಪಕ್ಕದ ಪೋರ್ತಾರ ನೋಡುತ್ತಾರೆ. ಕ್ರಿ.ಪೂ. ಆರನೆಯ ಶತಮಾನದಲ್ಲಿ ಕಟ್ಟತೊಡಗಿ ಮುಗಿಸದೆ ಬಿಟ್ಟ ದೇವಾಲಯದ ಅಮೃತಶಿಲೆಯ ಬಾಗಿಲುವಾಡ ಅದು. ಅಲ್ಲಿಗೆ ನಾಕ್ಸೋಸ್ ಮುಗಿಯಿತು ಅನ್ನುವುದು ಬಸ್ ಸ್ಟ್ಯಾಂಡ್ ನೋಡಿ ಮೈಸೂರು ನೋಡಿದೆ ಅಂದ ಹಾಗೆ. ಬಂದರಿನಿಂದಲೇ ಹಳ್ಳಿಗಳಿಗೆ ಬಸ್ಸು ಹೊರಡುತ್ತದೆ. ಹಾಲ್ಕಿ, ಫಿಲೋತಿ ದಾಟಿ ಆಲಿವ್ ತೋಪುಗಳ ನಡುವೆ ಸುತ್ತುಬಳಸಿ ಏರಿ ಅಪೀರಾಂಥೋಸ್ ತಲಪುತ್ತದೆ. ಆ ಊರಿನ ಓಣಿಗಳಿಗೆ ಅಮೃತಶಿಲೆ ಹಾಸಿದೆ, ತಲೆಮಾರುಗಳ ಕಾಲು ಸವೆಸಿ ನುಣುಪು ಮಾಡಿದ ಶಿಲೆ. ಸುತ್ತಲಿನ ಬೆಟ್ಟಗಳಲ್ಲಿ ಸಾಣೆ ಹಿಡಿಯಲು ಬಳಸುವ ಎಮರಿ ಕಲ್ಲಿನ ಗಣಿಗಳಿದ್ದವು; ಅದಿರನ್ನು ತಂತಿಯ ಮೇಲೆ ತೊಟ್ಟಿಗಳಲ್ಲಿ ತೂಗಿ ಮುತ್ಸೂನಾ ಬಂದರಿಗೆ ಇಳಿಸುತ್ತಿದ್ದ ಕಬ್ಬಿಣದ ಕಂಬಗಳು ಈಗಲೂ ನಿಂತಿವೆ. ಉತ್ತರದ ಅಪೊಲೊನಾಸ್ ಊರಿನ ಹಳೆಯ ಕಲ್ಲುಗಣಿಯಲ್ಲಿ ಹತ್ತು ಮೀಟರಿಗೂ ಉದ್ದದ ವಿಗ್ರಹವೊಂದು ಅರ್ಧ ಕೆತ್ತಿದ ಸ್ಥಿತಿಯಲ್ಲೇ ಎರಡೂವರೆ ಸಾವಿರ ವರ್ಷದಿಂದ ಮಲಗಿದೆ. ಬೇಲಿಯಿಲ್ಲ, ನೂಕುನುಗ್ಗಲಿಲ್ಲ. ಪಕ್ಕದಲ್ಲಿ ನಿಂತರೆ ಉಳಿಯ ಏಟಿನ ಗುರುತು ಕಾಣುತ್ತದೆ. ಸೈಕ್ಲಡೀಸ್‌ನ ಅತಿ ಎತ್ತರದ ಜಾಸ್ ಬೆಟ್ಟ ಸಾವಿರ ಮೀಟರಿನಷ್ಟಿದೆ, ಚಾರಣದ ಅಭ್ಯಾಸವಿರುವವರು ಬೆಳಿಗ್ಗೆ ಹತ್ತಿ ಊಟಕ್ಕೆ ಇಳಿಯಬಹುದು. ಇಲ್ಲಿಗೆ ನಾಲ್ಕು ರಾತ್ರಿ ಬೇಕು.

ಇನ್ನೊಂದು ದ್ವೀಪ ಯಾವುದಾಗಬೇಕು? ನಾಕ್ಸೋಸ್‌ನಿಂದ ಸ್ಕೋಪೆಲಿಟಿಸ್ ಎಂಬ ಪುಟ್ಟ ಹಡಗು ಮಧ್ಯಾಹ್ನದ ಮೇಲೆ ಹೊರಟು ಇರಾಕ್ಲಿಯಾ, ಸ್ಖಿನೂಸಾ, ಕೂಫೊನಿಸಿಯಾಗಳಲ್ಲಿ ನಿಂತು ಅಮೋರ್ಗೋಸ್‌ಗೆ ಹೋಗುತ್ತದೆ. ಮಾತ್ರೆಯ ಪೆಟ್ಟಿಗೆ, ತರಕಾರಿ ಮೂಟೆ, ಶಾಲೆಯ ಮೇಷ್ಟ್ರು ಎಲ್ಲರೂ ಅದರಲ್ಲೇ. ಗಾಳಿಗೆ ಹೆದರದವರು ಅದನ್ನು ಹಿಡಿಯಲಿ. ಅಮೋರ್ಗೋಸ್‌ನ ಕಡಿದಾದ ಬಂಡೆಗೆ ಅಂಟಿಕೊಂಡ ಹೊಜೊವಿಯೋತಿಸ್ಸಾ ಮಠ ಹನ್ನೊಂದನೆಯ ಶತಮಾನದ್ದು. ಹೆದರುವವರು ಅದೇ ಎಳೆಯ ಪಾರೋಸ್ ಆರಿಸಲಿ, ನಾಕ್ಸೋಸ್‌ನಿಂದ ಒಂದು ಗಂಟೆಯೂ ಬೇಡ. ಪಾರೋಸ್‌ನಲ್ಲಿ 2023ರ ಬೇಸಿಗೆಯಲ್ಲಿ ಊರವರು ಟವೆಲ್ ಹಿಡಿದು ಕಡಲತೀರಕ್ಕೆ ಇಳಿದು, ಬಾಡಿಗೆ ಕುರ್ಚಿ ಹಾಕಿ ಮರಳನ್ನೆಲ್ಲ ನುಂಗಿದ್ದವರ ವಿರುದ್ಧ ಚಳವಳಿ ಮಾಡಿದರು. ಕಡಲತೀರ ಎಲ್ಲರದು ಎಂಬ ಹಕ್ಕಿಗಾಗಿ ನಡೆದ ಆ ಹೋರಾಟ ದೇಶದ ತುಂಬ ಹರಡಿ, ಮುಂದಿನ ವರ್ಷ ಸರ್ಕಾರ ನಿಯಮ ಬಿಗಿ ಮಾಡಬೇಕಾಯಿತು. ಅಂಥ ಊರಿನಲ್ಲಿ ಉಳಿಯುವವರಿಗೆ ಆ ಕತೆ ಗೊತ್ತಿರಬೇಕು.

ಜುಲೈ, ಆಗಸ್ಟ್ ತಿಂಗಳೇ ‘ಸೀಸನ್’ ಎಂಬ ನಂಬಿಕೆಯೂ ಯುರೋಪಿನವರ ಶಾಲಾ ರಜೆಯಿಂದ ಬಂದದ್ದು. ನಮಗೆ ಯಾಕೆ ಅದು? ಕರ್ನಾಟಕದ ಶಾಲೆಗಳಿಗೆ ರಜೆ ಏಪ್ರಿಲ್, ಮೇಯಲ್ಲಿ, ಇನ್ನೊಂದು ದಸರಾಕ್ಕೆ. ಈ ಎರಡೂ ಸೈಕ್ಲಡೀಸ್‌ಗೆ ಹೇಳಿ ಮಾಡಿಸಿದ ಕಾಲ. ಮೇಯಲ್ಲಿ ಬೆಟ್ಟವೆಲ್ಲ ಹೂವು, ಸಮುದ್ರ ಮಾತ್ರ ತಣ್ಣಗಿರುತ್ತದೆ. ಅಕ್ಟೋಬರ್ ಮೊದಲ ಭಾಗದಲ್ಲಿ ಬೇಸಿಗೆಯೆಲ್ಲ ಕಾದ ನೀರು ಇನ್ನೂ ಬೆಚ್ಚಗಿರುತ್ತದೆ, ಮೆಲ್ತೇಮಿಯ ಅಬ್ಬರ ಇಳಿದಿರುತ್ತದೆ, ರೂಮಿನ ಬಾಡಿಗೆಯೂ ಇಳಿದಿರುತ್ತದೆ. ಆಗಸ್ಟ್ 15ರ ಮಾತೆ ಮರಿಯಮ್ಮನ ಹಬ್ಬದ ಆಸುಪಾಸಿನಲ್ಲಂತೂ ಗ್ರೀಕರೇ ತಮ್ಮ ತಮ್ಮ ದ್ವೀಪಗಳಿಗೆ ಮರಳುತ್ತಾರೆ, ಹಡಗಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೀರಿನ ಮಾತೂ ಇದೆ. 2024ರ ಬೇಸಿಗೆಯಲ್ಲಿ ನಾಕ್ಸೋಸ್‌ನ ಜಲಾಶಯಗಳು ಬತ್ತಿ, ಸಮುದ್ರದ ನೀರಿನ ಉಪ್ಪು ತೆಗೆಯುವ ಯಂತ್ರಗಳನ್ನು ತರಿಸಬೇಕಾಯಿತು. ಬೆಂಗಳೂರಿನ ಟ್ಯಾಂಕರ್ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಹಳ ಮಂದಿ ಗುಂಪು ಪ್ರವಾಸಕ್ಕೆ ಬೀಳುವುದು ಊಟದ ಭಯಕ್ಕೆ. ಸಸ್ಯಾಹಾರಿಗಳಿಗೆ ಅಲ್ಲಿ ಬ್ರೆಡ್ಡೇ ಗತಿ ಎಂಬ ಮಾತು ಶುದ್ಧ ಸುಳ್ಳು. ಆರ್ಥಡಾಕ್ಸ್ ಕ್ರೈಸ್ತರಲ್ಲಿ ಕಟ್ಟುನಿಟ್ಟಾಗಿ ನಡೆಯುವವರು ವರ್ಷದ ಅರ್ಧದಷ್ಟು ದಿನ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಆ ಉಪವಾಸದ ಅಡುಗೆಯಿಂದ ಒಂದು ದೊಡ್ಡ ಪಾಕಪದ್ಧತಿಯೇ ಬೆಳೆದಿದೆ. ಅಕ್ಕಿ ತುಂಬಿ ಬೇಯಿಸಿದ ಟೊಮೇಟೊ, ದಪ್ಪ ಬಿಳಿ ಅವರೆಯಂಥ ಗಿಗಾಂತೆಸ್, ಬೇಳೆಯನ್ನು ನುಣ್ಣಗೆ ಕಡೆದು ಈರುಳ್ಳಿ, ಆಲಿವ್ ಎಣ್ಣೆ ಹಾಕಿದ ಫಾವ. ಸಿಫ್ನೋಸ್‌ನಲ್ಲಿ ಶನಿವಾರ ರಾತ್ರಿ ಕಡಲೆಕಾಳು, ಈರುಳ್ಳಿ, ಆಲಿವ್ ಎಣ್ಣೆ, ಒಂದೆರಡು ಎಲೆ ಮಣ್ಣಿನ ಮಡಕೆಗೆ ಹಾಕಿ ಸೌದೆ ಒಲೆಯೊಳಗೆ ಇಡುತ್ತಾರೆ. ಭಾನುವಾರ ಚರ್ಚಿನಿಂದ ಬಂದು ತೆಗೆದರೆ ಕಾಳು ಬೆಣ್ಣೆಯಾಗಿರುತ್ತದೆ. ರೆವಿಥಾದ ಎಂಬ ಆ ಅಡುಗೆ ನಾಕ್ಸೋಸ್, ಪಾರೋಸ್‌ಗಳಲ್ಲೂ ಸಿಗುತ್ತದೆ. ‘ನಿಸ್ತೀಸಿಮೊ’ ಎಂದು ಕೇಳಿದರೆ ಉಪವಾಸದ ಅಡುಗೆ ತೋರಿಸುತ್ತಾರೆ. ಆದರೆ ಅವರ ಉಪವಾಸಕ್ಕೆ ಸಿಗಡಿ, ಆಕ್ಟೋಪಸ್ ಸಲ್ಲುತ್ತವೆ, ಅದನ್ನು ಮಾತ್ರ ವಿಚಾರಿಸಿಕೊಳ್ಳಬೇಕು. ಜೊತೆಗೊಬ್ಬ ಅಡುಗೆಯವರನ್ನು ಕಟ್ಟಿಕೊಂಡು ಹೋಗಿ ಅಲ್ಲೂ ಪುಳಿಯೋಗರೆ ತಿಂದು ಬರುವ ಅಗತ್ಯ ಏನೂ ಇಲ್ಲ.

ವೀಸಾಕ್ಕೆ ಏಜೆಂಟರ ಪಟ್ಟಿಯೇ ಬೇಕು ಎಂಬ ನೆಪವೊಂದು ಉಳಿಯಿತು. ಶೆಂಗೆನ್ ವೀಸಾಕ್ಕೆ ಬೇಕಾದ್ದು ಹೋಗಿಬರುವ ವಿಮಾನದ ವಿವರ, ಪ್ರತಿ ರಾತ್ರಿಯ ವಾಸದ ದಾಖಲೆ, ಕನಿಷ್ಠ 30,000 ಯೂರೊ ವಿಮೆ, ಬ್ಯಾಂಕಿನ ಕಾಗದ, 90 ಯೂರೊ ಶುಲ್ಕ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಐದು ಹೋಟೆಲಿನ ಕಡತಕ್ಕಿಂತ ಮೂರು ಹೋಟೆಲಿನ ಕಡತ ಸರಳ, ತಪ್ಪಿಗೆ ಅವಕಾಶವೂ ಕಡಿಮೆ. ಹಡಗಿನ ವೇಳಾಪಟ್ಟಿ ಎಷ್ಟೋ ಸಲ ತಡವಾಗಿ ಪ್ರಕಟವಾಗುವುದರಿಂದ ರೂಮುಗಳನ್ನು ರದ್ದು ಮಾಡಬಹುದಾದ ಷರತ್ತಿನಲ್ಲೇ ಹಿಡಿಯಬೇಕು.

ಹಾಗಾಗಿ ದಸರಾ ರಜೆಗೆ ಹೊರಡುವವರಿಗೆ ನಾನು ಬರೆದುಕೊಡುವ ಯೋಜನೆ ಇಷ್ಟು: ಇಳಿದ ದಿನ ಅಥೆನ್ಸ್, ಮರುದಿನ ಬೆಳಗಿನ ನಿಧಾನದ ಹಡಗು, ನಾಕ್ಸೋಸ್‌ನಲ್ಲಿ ನಾಲ್ಕು ರಾತ್ರಿ, ಹಿಂದಿರುಗುವ ದಾರಿಯ ಪಾರೋಸ್‌ನಲ್ಲಿ ಎರಡು, ಕೊನೆಯ ರಾತ್ರಿ ಮತ್ತೆ ಅಥೆನ್ಸ್. ಸ್ಯಾಂಟೊರಿನಿ ಬೇಕೇ ಬೇಕೆಂದು ಮನೆಯಲ್ಲಿ ಹಟವಿದ್ದರೆ ಪಾರೋಸ್ ಕೈಬಿಟ್ಟು, ಪಿರ್ಗೋಸ್‌ನಂಥ ಒಳನಾಡಿನ ಹಳ್ಳಿಯಲ್ಲಿ ಉಳಿದು, ಅಕ್ರೋತಿರಿಗೂ ಫಿರಾದ ಕೋತಿಗಳಿಗೂ ಒಂದೊಂದು ಬೆಳಿಗ್ಗೆ ಕೊಡಿ. ‘ಇಷ್ಟೇನಾ ಸಾರ್, ಇಷ್ಟು ದುಡ್ಡಿಗೆ ಎರಡೇ ಐಲ್ಯಾಂಡಾ?’ ಎಂದು ಏಜೆಂಟರು ಖಂಡಿತ ಕೇಳುತ್ತಾರೆ, ಮಿಕೊನೋಸ್ ಒಂದು ರಾತ್ರಿ ಸೇರಿಸಿದ ಹೊಸ ಪಟ್ಟಿ ಅದೇ ಸಂಜೆ ಕಳಿಸುತ್ತಾರೆ. ಆ ಪಟ್ಟಿಗೆ ಒಪ್ಪಬೇಡಿ.